ಡ್ಯೂಸೆಲ್ಡಾರ್ಫ್ ಡೈರಿ, ಭಾಗ 17: ಜರ್ಮನ್ ಟಿವಿ ಸ್ಪ್ಯಾನಿಷ್ ಮಾತಾಡಿದ ಕಾಲ

ಕಳೆದ ವಾರ ಕಾಮೆಂಟಲ್ಲಿ ಒಬ್ಬರು ಕೇಳಿದ್ರು, "ಅಕ್ಕಾ, ಜರ್ಮನಿಯಲ್ಲಿ ಟಿವಿ ಫೀಸ್ ಕಟ್ತೀರಲ್ಲ, ಅದರಲ್ಲಿ ಕನ್ನಡ ಬರುತ್ತಾ?" ಅಂತ. ಬರಲ್ಲ. ಮನೆಗೆ ತಿಂಗಳಿಗೆ 18.36 ಯೂರೋ ಕಟ್ತೀವಿ, ಟಿವಿ ಇದ್ದರೂ ಇಲ್ಲದಿದ್ದರೂ. ಆದ್ರೆ ಇದೇ ಥರ ಫೀಸಿನ ದುಡ್ಡಲ್ಲಿ ಇಲ್ಲಿಯ ಸಾರ್ವಜನಿಕ ರೇಡಿಯೋ, ಟಿವಿ ಸ್ಪ್ಯಾನಿಷ್ ಮಾತಾಡಿದ ಕಾಲ ಒಂದಿತ್ತು. ಇವತ್ತು ಆ ಕಥೆ.

ಯುದ್ಧ ಮುಗಿದ ಮೇಲೆ ಕಾರ್ಖಾನೆಗಳಿಗೆ ಕೈ ಸಾಲಲಿಲ್ಲ. ಜರ್ಮನಿ 1955ರಲ್ಲಿ ಇಟಲಿ ಜೊತೆ, 1960ರ ಮಾರ್ಚ್ 29ಕ್ಕೆ ಸ್ಪೇನ್ ಜೊತೆ, ಮಾರನೇ ದಿನವೇ ಗ್ರೀಸ್ ಜೊತೆ, 1961ರಲ್ಲಿ ಟರ್ಕಿ ಜೊತೆ ಒಪ್ಪಂದ ಮಾಡಿಕೊಂಡಿತು. ಬಂದವರನ್ನ ಕರೆದದ್ದು "ಅತಿಥಿ ಕೆಲಸಗಾರರು" ಅಂತ. ಅತಿಥಿ ಅಂದ್ರೆ ಒಂದಿನ ಹೊರಡಬೇಕಾದವರು, ಅಷ್ಟೇ ಅರ್ಥ. ಬ್ಯಾರಕ್ಕಲ್ಲಿ ಬಂಕ್ ಮಂಚ, ಜರ್ಮನ್ ಒಂದಕ್ಷರ ಬರಲ್ಲ, ಸಂಜೆ ಹೊತ್ತು ಕಳೆಯೋದು ರೇಡಿಯೋ ಮುಂದೆ.

ಆ ರೇಡಿಯೋದಲ್ಲೇ ಸರ್ಕಾರಕ್ಕೆ ತಲೆನೋವು ಶುರುವಾಗಿದ್ದು. ಪೂರ್ವ ಯುರೋಪಿನ ಕಮ್ಯುನಿಸ್ಟ್ ದೇಶಗಳಿಂದ ಈ ಕೆಲಸಗಾರರ ಭಾಷೆಗಳಲ್ಲಿ ಪ್ರಸಾರ ಬರ್ತಿತ್ತು. ಸ್ಪೇನಿನ ಕಮ್ಯುನಿಸ್ಟರ ಗುಪ್ತ ಕೇಂದ್ರ "ರೇಡಿಯೋ ಎಸ್ಪಾನ್ಯಾ ಇಂಡಿಪೆಂಡಿಯೆಂಟೆ" 1955ರಿಂದ ಬುಖಾರೆಸ್ಟಿನಲ್ಲಿ ಕೂತು ಫ್ರಾಂಕೋ ವಿರುದ್ಧ ಮಾತಾಡ್ತಿತ್ತು. ಕೆಲಸಗಾರರು ಅದನ್ನ ಕೇಳಿ ಎಡಕ್ಕೆ ವಾಲಿಬಿಟ್ರೆ? ಹೀಗಾಗಿ 1964ರ ನವೆಂಬರ್ 1ರಿಂದ ಜರ್ಮನ್ ಸಾರ್ವಜನಿಕ ರೇಡಿಯೋಗಳು ಭಾಷೆಗಳನ್ನ ಹಂಚಿಕೊಂಡವು. ನಮ್ಮ ಪಕ್ಕದ ಕಲೋನಿನ ಡಬ್ಲ್ಯೂಡಿಆರ್‌ಗೆ ಟರ್ಕಿಷ್ ಮತ್ತು ಇಟಾಲಿಯನ್, ಮ್ಯೂನಿಕ್‌ನ ಬವೇರಿಯಾ ರೇಡಿಯೋಗೆ ಸ್ಪ್ಯಾನಿಷ್ ಮತ್ತು ಗ್ರೀಕ್. (ನವೆಂಬರ್ 1! ನಮಗೆ ರಾಜ್ಯೋತ್ಸವ, ಅವರಿಗೆ ಭಾಷಾ ಹಂಚಿಕೆ.) ಪ್ರೀತಿಗಿಂತ ಹೆದರಿಕೆಯೇ ಹೆಚ್ಚು ಅಂತ ನನಗನ್ನಿಸುತ್ತೆ. ಆದ್ರೆ ಕೇಳಿದವರಿಗೆ ಸಿಕ್ಕಿದ್ದು ತಮ್ಮ ಭಾಷೆಯೇ ತಾನೇ.

ಟಿವಿ ಆಮೇಲೆ ಬಂತು. ಡಬ್ಲ್ಯೂಡಿಆರ್ 1965ರಲ್ಲಿ "ನಿಮ್ಮ ನಾಡು, ನಮ್ಮ ನಾಡು" ಅನ್ನೋ ಅರ್ಥದ ಕಾರ್ಯಕ್ರಮ ಶುರುಮಾಡಿತು. ಎರಡನೇ ಚಾನೆಲ್ ಜೆಡ್‌ಡಿಎಫ್ 1966ರಿಂದ "ಯುರೋಪಿನ ನೆರೆಹೊರೆಯವರು" ಸಾಲಿನಲ್ಲಿ ಸ್ಪೇನಿಗರಿಗಾಗಿ "ಆಕೀ ಎಸ್ಪಾನ್ಯಾ" ತಂದಿತು. ಊರಿನ ಸುದ್ದಿ, ಫುಟ್ಬಾಲ್, ಹಾಡು. ಡ್ಯೂಸೆಲ್ಡಾರ್ಫಿನ ಹಾಸ್ಟೆಲ್ಲಿನಲ್ಲಿದ್ದವನಿಗೆ ಅದು ಊರಿಂದ ಬಂದ ಕಾಗದದ ಹಾಗೆ.

ಮಜಾ ಏನು ಗೊತ್ತಾ? ಎಡಪಂಥದ ಭಯಕ್ಕೆ ಶುರುವಾದ ಈ ಪ್ರಸಾರದ ಮೇಲೆ ದೂರು ಬಂದದ್ದು ಬಲಪಂಥದ ಸರ್ವಾಧಿಕಾರಿಗಳಿಂದ! ಮ್ಯೂನಿಕ್‌ನ ಸ್ಪ್ಯಾನಿಷ್ ಪ್ರಸಾರ ಫ್ರಾಂಕೋನನ್ನ ಟೀಕಿಸುತ್ತೆ ಅಂತ ಮ್ಯಾಡ್ರಿಡ್ ಸಿಟ್ಟಾಯಿತು. 1967ರಲ್ಲಿ ಗ್ರೀಸಿನಲ್ಲಿ ಸೇನಾಧಿಕಾರಿಗಳು ಅಧಿಕಾರ ಹಿಡಿದ ಮೇಲೆ ಅದೇ ಮ್ಯೂನಿಕ್‌ನಿಂದ ಪಾವ್ಲೋಸ್ ಬಾಕೊಯಾನಿಸ್ ಅವರ ವಿರುದ್ಧ ಗ್ರೀಕಿನಲ್ಲಿ ಮಾತಾಡ್ತಾನೇ ಇದ್ದರು. ತಮ್ಮ ಊರಲ್ಲಿ ಕೇಳಲಾಗದ ಸತ್ಯವನ್ನ ತಮ್ಮ ಭಾಷೆಯಲ್ಲಿ ಪರದೇಶದಲ್ಲಿ ಕೇಳೋ ಭಾಗ್ಯ!

1973ರ ನವೆಂಬರ್ 23ಕ್ಕೆ ಜರ್ಮನಿ ಹೊಸಬರನ್ನ ಕರೆಸಿಕೊಳ್ಳೋದು ನಿಲ್ಲಿಸಿತು. ಆಗ ಸ್ಪೇನಿಗರೇ ಸುಮಾರು 2.8 ಲಕ್ಷ ಇದ್ದರು. ಫ್ರಾಂಕೋ 1975ರಲ್ಲಿ ಸತ್ತ, ತುಂಬಾ ಜನ ವಾಪಸ್ ಹೋದರು. 1989ರ ಕೊನೆಗೆ ಸ್ಪೇನಿನದೇ ಅಂತರರಾಷ್ಟ್ರೀಯ ಚಾನೆಲ್ ಉಪಗ್ರಹದಲ್ಲಿ ಬಂದ ಮೇಲೆ ಬಾಲ್ಕನಿಗೊಂದು ತಟ್ಟೆ ಕಟ್ಟಿದರೆ ಆಯಿತು, ಹಳೇ ಕಾರ್ಯಕ್ರಮಗಳಿಗೆ ಬೆಲೆ ಕಡಿಮೆಯಾಯಿತು.

ಉಳಿದುಕೊಂಡವರು ಈಗ ನನ್ನಂಥವರ ವಾರ್ಡಿನಲ್ಲಿದ್ದಾರೆ. ಮರೆವಿನ ಕಾಯಿಲೆ ಬಂದವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಹೋಗೋದುಂಟು. ನಲವತ್ತು ವರ್ಷ ಜರ್ಮನ್ ಮಾತಾಡಿದವರು ರಾತ್ರಿ ಪಾಳಿಯಲ್ಲಿ ನೀರು ಕೇಳೋದು "ಆಗ್ವಾ" ಅಂತ. ನಾನು ಹತ್ತಿಪ್ಪತ್ತು ಸ್ಪ್ಯಾನಿಷ್ ಪದ ಬರೆದಿಟ್ಟುಕೊಂಡಿದ್ದೀನಿ: ನೀರು, ನೋವು, ಚಳಿ, ಮಗಳು. ಈಗ ಅದರ ಕೆಳಗೆ ಅವೇ ಪದಗಳನ್ನ ಕನ್ನಡದಲ್ಲಿ, ಜರ್ಮನ್ ಉಚ್ಚಾರ ಸಮೇತ, ಬರೀತಿದ್ದೀನಿ. ಮುಂದೆ ನನ್ನನ್ನ ನೋಡಿಕೊಳ್ಳೋ ಹುಡುಗಿಗೆ ಬೇಕಾಗಬಹುದು.

ಭಾಗ 18ರಲ್ಲಿ ಕೈಸರ್ಸ್‌ವೆರ್ತ್, ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ತರಬೇತಿ ಪಡೆದ ಜಾಗ.