ಉಡುಪಿನ ಭೇದ, ಪತ್ರಿಕೆಗಳ ಕದನ: 1964ರ ಬ್ರಿಟನ್ನಿನ ಮಾಡ್ಸ್ ಮತ್ತು ರಾಕರ್ಸ್

ಸಮಾಜದ ಮುಖ್ಯಧಾರೆಯೊಳಗೇ ಇದ್ದು ಉಡುಪು, ಸಂಗೀತ, ನಡವಳಿಕೆಗಳಿಂದ ತಮ್ಮನ್ನು ಬೇರೆಯಾಗಿಸಿಕೊಂಡ ಗುಂಪುಗಳನ್ನು ಉಪಸಂಸ್ಕೃತಿಗಳೆಂದು ಕರೆಯಲಾಗುತ್ತದೆ. ಎರಡನೆಯ ಮಹಾಯುದ್ಧದ ನಂತರದ ಬ್ರಿಟನ್ನಿನಲ್ಲಿ ತಲೆಯೆತ್ತಿದ ಇಂಥ ಗುಂಪುಗಳ ಪೈಕಿ ಮಾಡ್ಸ್ ಮತ್ತು ರಾಕರ್ಸ್‌ರನ್ನು ಹುಟ್ಟುವೈರಿಗಳೆಂದು ಭಾವಿಸುವುದು ವಾಡಿಕೆ. ಅವರ ಅಭಿರುಚಿಭೇದ ನಿಜವೇ ಆಗಿದ್ದರೂ ಅದು ಹಗೆತನವಾಗಿ ಬೆಳೆದುದರಲ್ಲಿ ಪತ್ರಿಕೆಗಳ ಪಾಲು ಸಣ್ಣದಲ್ಲ.

1954ರಲ್ಲಿ ಪಡಿತರ ಪದ್ಧತಿ ಕೊನೆಗೊಂಡು, 1960ರ ನಂತರ ಕಡ್ಡಾಯ ಸೇನಾಸೇವೆಗೆ ಹೊಸಬರ ಭರ್ತಿ ನಿಂತು, ಶಾಲೆ ಬಿಟ್ಟವರಿಗೆ ಕೆಲಸವೂ ಕಂತಿನ ಮೇಲೆ ವಾಹನವೂ ಸುಲಭವಾಗಿ ದೊರೆಯತೊಡಗಿದಾಗ, ದುಡಿಯುವ ವರ್ಗದ ಯುವಕರ ಕೈಯಲ್ಲಿ ಮೊದಲ ಬಾರಿಗೆ ಮನಬಂದಂತೆ ಖರ್ಚು ಮಾಡುವಷ್ಟು ಕಾಸು ಓಡಾಡಿತು. ಆಧುನಿಕ ಜಾಝ್‌ನ ಒಲವಿನಿಂದ ಹೆಸರು ಪಡೆದು, ಮುಂದೆ ಅಮೆರಿಕದ ಕರಿಯರ ಸೋಲ್ ಸಂಗೀತಕ್ಕೂ ಜಮೈಕಾದ ಸ್ಕಾಗೂ ಮನಸೋತ ಮಾಡ್ಸ್, ಇಟಲಿಯ ಮಾದರಿಯ ಸೂಟುಗಳನ್ನು ಹೊಲಿಸುವಾಗ ಕೋಟಿನ ಹಿಂಬದಿಯ ಸೀಳು ಎಷ್ಟು ಅಂಗುಲವಿರಬೇಕೆಂದು ದರ್ಜಿಯೊಡನೆ ಚೌಕಾಸಿಗಿಳಿಯುತ್ತಿದ್ದರು. ವೆಸ್ಪಾ, ಲ್ಯಾಂಬ್ರೆಟಾ ಸ್ಕೂಟರುಗಳನ್ನು ಅವರು ಮೆಚ್ಚಿದ್ದಕ್ಕೂ ಈ ಸೂಟಿಗೂ ಸಂಬಂಧವಿದೆ: ಎಂಜಿನ್ ತಗಡಿನ ಹೊದಿಕೆಯೊಳಗೆ ಅಡಗಿರುವುದರಿಂದ ಪ್ಯಾಂಟಿಗೆ ಎಣ್ಣೆ ಸಿಡಿಯದು, ಮೇಲೆ ತೊಟ್ಟ ಸೈನ್ಯದ ಹಳೆಯ ಪಾರ್ಕಾ ಅಂಗಿ ಮಳೆ ಧೂಳುಗಳನ್ನು ತಡೆಯುತ್ತದೆ. ರಾಕರ್ಸ್‌ಗಾದರೋ ಎಣ್ಣೆಯ ಕಲೆಯೇ ಭೂಷಣ. ಲಂಡನ್ನಿನ ಏಸ್ ಕೆಫೆಯಂಥ ಹೆದ್ದಾರಿ ಹೋಟೆಲುಗಳಲ್ಲಿ ನೆರೆಯುತ್ತಿದ್ದ ಈ ಚರ್ಮದ ಜಾಕೆಟ್ಟಿನ ಯುವಕರು ಟ್ರಯಂಫ್, ನಾರ್ಟನ್ ಮೋಟಾರುಸೈಕಲ್ಲುಗಳನ್ನು ಗಂಟೆಗೆ 100 ಮೈಲಿ ಓಡಿಸುವುದನ್ನು ಪೌರುಷವೆಂದು ಬಗೆದು, ಜೀನ್ ವಿನ್ಸೆಂಟ್, ಎಡ್ಡಿ ಕಾಕ್ರನ್ನರ ರಾಕ್ ಅಂಡ್ ರೋಲ್‌ಗೇ ನಿಷ್ಠರಾಗಿದ್ದರು. ಇಬ್ಬರ ಸಂಗೀತದ ಬೇರೂ ಕರಿಯರ ರಿದಮ್ ಅಂಡ್ ಬ್ಲೂಸ್‌ನಲ್ಲಿತ್ತು.

1964ರ ಈಸ್ಟರ್ ರಜೆಯಲ್ಲಿ ಕ್ಲಾಕ್ಟನ್ ಎಂಬ ಕಡಲತೀರದ ಊರಿನಲ್ಲಿ, ಚಳಿಮಳೆಯ ನಡುವೆ ಮಾಡಲು ಕೆಲಸವಿಲ್ಲದ ಯುವಕರು ನಡೆಸಿದ ಗಲಭೆಯಿಂದಾದ ನಷ್ಟ ಸುಮಾರು 500 ಪೌಂಡು. ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಕೋಹೆನ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿಕೊಟ್ಟಂತೆ, ಅಲ್ಲಿದ್ದ ಬಿರುಕು ಮಾಡ್ಸ್ ಮತ್ತು ರಾಕರ್ಸ್‌ರದ್ದೆನ್ನುವುದಕ್ಕಿಂತ ಲಂಡನ್ನಿನಿಂದ ಬಂದವರಿಗೂ ಸ್ಥಳೀಯರಿಗೂ ನಡುವಿನದು. ಅತಿಶಯದ ವರದಿಗಳಿಂದ ಒಂದು ಗುಂಪನ್ನು ಸಮಾಜಕ್ಕೇ ಕಂಟಕವೆಂದು ಬಿಂಬಿಸುವ ಪ್ರಕ್ರಿಯೆಯನ್ನು, ಅಂದರೆ ನೈತಿಕ ದಿಗಿಲನ್ನು, ಅವರು ವಿಶ್ಲೇಷಿಸಿದ್ದು ಈ ಪ್ರಸಂಗದಿಂದಲೇ. ಅದೇ ವರ್ಷದ ಮೇ ತಿಂಗಳಲ್ಲಿ ಬ್ರೈಟನ್, ಮಾರ್ಗೇಟ್ ಎಂಬ ಕಡಲತೀರದ ಊರುಗಳಿಗೆ ಹೋದವರಿಗೆ ತಾವು ಯಾವ ಪಕ್ಷವೆಂಬುದನ್ನು ಪತ್ರಿಕೆಗಳು ಮೊದಲೇ ಕಲಿಸಿದ್ದವು. ಜಗಳ ನೋಡಲೆಂದೇ ಜನ ಸೇರಿದ್ದರು. ಅದೇ ವರ್ಷ ಸಂಸತ್ತು, ಆಸ್ತಿಪಾಸ್ತಿಗೆ ಹಾನಿ ಮಾಡಿದವರಿಂದ ವಸೂಲು ಮಾಡಬಹುದಾದ ಪರಿಹಾರದ ಮಿತಿಯನ್ನು ಕಾಯಿದೆಯ ಮೂಲಕ ಹೆಚ್ಚಿಸಿತು.