ಬಂಡಿ ಇಲ್ಲದ ಹಳಿ (ಭಾಗ 3)

ಫೋಟೋದಲ್ಲಿ ತಲೆ ಮೇಲೆ ಕಾಣ್ತಿರೋದು ಫ್ಲೈಓವರ್ ಅಲ್ಲ ಗೆಳೆಯರೇ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 1967ರ ಜುಲೈನಲ್ಲಿ ಶುರುವಾದ ‘ಪೀಪಲ್‌ಮೂವರ್’ ರೈಡ್‌ನ ಹಳಿ. ಬಂಡಿಗೆ ಎಂಜಿನ್ನೇ ಇರಲಿಲ್ಲ. ಹಳಿಯಲ್ಲೇ ಕೂರಿಸಿದ್ದ ಟೈರುಗಳು ತಿರುಗುತ್ತಾ ಅದನ್ನ ಮೆಲ್ಲಗೆ ಮುಂದೆ ತಳ್ಳುತ್ತಿದ್ದವು.

ಚಿಕ್ಕಪ್ಪ ಆಗಲೇ ಇಲ್ಲಿದ್ರು. 1994ರಲ್ಲಿ ಅಜ್ಜಿಯನ್ನ ಕರ್ಕೊಂಡು ಬಂದಿದ್ರಂತೆ. ರೋಲರ್ ಕೋಸ್ಟರ್‌ಗೆ ದೂರದಿಂದಲೇ ಕೈಮುಗಿದ ಅಜ್ಜಿ, ಇದರಲ್ಲಿ ಮಾತ್ರ ಮೂರು ಸಲ ಕೂತರಂತೆ. ಮರುವರ್ಷ ಆಗಸ್ಟ್‌ನಲ್ಲಿ ರೈಡ್ ನಿಂತೇಹೋಯ್ತು.

1998ರಲ್ಲಿ ಅದೇ ಹಳಿ ಮೇಲೆ ‘ರಾಕೆಟ್ ರಾಡ್ಸ್’ ಬಂತು. ಗಾಡಿ ವೇಗದ್ದು, ಹಳಿ ನಿಧಾನದ್ದು. ತಿರುವುಗಳನ್ನ ವೇಗಕ್ಕೆ ತಕ್ಕಂತೆ ಓರೆ ಮಾಡಿರಲಿಲ್ಲ. ಹಾಗಾಗಿ ಪ್ರತಿ ತಿರುವಲ್ಲೂ ಬ್ರೇಕ್, ಆಮೇಲೆ ಮತ್ತೆ ಓಟ. ಪದೇ ಪದೇ ಕೆಟ್ಟು 2000ದಲ್ಲಿ ಅದೂ ಬಂದ್. ಹೊಸ ಗಾಡಿಗೆ ದುಡ್ಡು ಹಾಕಿ ಹಳಿಗೆ ಹಾಕದಿದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಬಿಕಾಂ ಕ್ಲಾಸಿಗೆ ಇದಕ್ಕಿಂತ ಉದಾಹರಣೆ ಬೇಕಾ?

ಫ್ಲೋರಿಡಾದಲ್ಲಿ 1975ರಲ್ಲಿ ಹುಟ್ಟಿದ ಇದರ ತಂಗಿ ಇನ್ನೂ ಓಡ್ತಿದೆ. ಇಲ್ಲಿ ಉಳಿದಿರೋದು ಖಾಲಿ ಹಳಿ ಮಾತ್ರ. ಅಜ್ಜಿಯೂ ಈಗಿಲ್ಲ.

“ಮೂರನೇ ಸಲ ನಾನು ಹತ್ತಲಿಲ್ಲ ಕಣೋ, ಇಲ್ಲೇ ನಿಂತಿದ್ದೆ. ಅಮ್ಮ ಮೇಲಿಂದ ಕೈ ಬೀಸಿದ್ಲು” ಅಂದ್ರು ಚಿಕ್ಕಪ್ಪ. ಈ ಫೋಟೋ ತೆಗೆದಿದ್ದು ನಾನಲ್ಲ, ಅವರು.