ಕಡತ

ಕಡತ (ನಾಮಪದ): ಒಂದು ವಿಷಯಕ್ಕೆ ಸೇರಿದ ಕಾಗದಪತ್ರಗಳ ಕಟ್ಟು, ಫೈಲು.

ಮೂಲದಲ್ಲಿ ಕಡತ ಕಾಗದದ್ದಲ್ಲ, ಬಟ್ಟೆಯದು. ಉದ್ದನೆಯ ಹತ್ತಿ ಬಟ್ಟೆಯ ಎರಡೂ ಬದಿಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಪುಸ್ತಕದ ಅಳತೆಗೆ ಮಡಿಚುತ್ತಿದ್ದರು. ಕಪ್ಪು ಮೈಮೇಲೆ ಬಳಪದ ಬಿಳಿ ಅಕ್ಷರ. ವ್ಯಾಪಾರಿಗಳ ಲೆಕ್ಕ, ಮಠಗಳ ದಾಖಲೆ ಇದರಲ್ಲೇ ಇರುತ್ತಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚಿರಪರಿಚಿತ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ 1810ರ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು.

ಆ ಅನುಕೂಲವೇ ಇಂದಿನ ಕಾಮಗಾರಿಗಳ ಡಿಜಿಟಲ್ ಕಡತಕ್ಕೆ ಕಂಟಕ.

ಉದಾಹರಣೆಗೆ, ಬೆಂಗಳೂರಿನ ದೀಪಾಂಜಲಿ ನಗರ ಮೆಟ್ರೊ ನಿಲ್ದಾಣ ತೆರೆದದ್ದು 2015ರ ನವೆಂಬರ್‌ನಲ್ಲಿ. ಪಕ್ಕದ ಮೈಸೂರು ರಸ್ತೆ ನಿಲ್ದಾಣದಿಂದ ಕೆಂಗೇರಿಯವರೆಗೆ ರೈಲು ಓಡತೊಡಗಿದ್ದು 2021ರ ಆಗಸ್ಟ್‌ನಲ್ಲಿ. ಹಳೆಯ ಮಾರ್ಗಕ್ಕೆ ಹೊಸದನ್ನು ಜೋಡಿಸುವ ಇಂಥ ಕಡೆ ಎಂಜಿನಿಯರಿಗೆ ಟೆಂಡರ್ ನಕ್ಷೆಯೊಂದೇ ಸಾಲದು; ಕಟ್ಟಿದ ಮೇಲೆ ಅಳೆದು ದಾಖಲಿಸಿದ ನಕ್ಷೆಯೂ ಬೇಕು. ಕೇಬಲ್ ಹಾದುಹೋದ ದಾರಿಯನ್ನು ಯಾರೋ ಸದ್ದಿಲ್ಲದೆ ತಿದ್ದಿಟ್ಟಿದ್ದರೆ, ಅಗೆಯುವ ಯಂತ್ರ ನೇರ ಅದರ ಮೇಲೇ ಇಳಿಯಬಹುದು.

ಅದಕ್ಕೇ 2018ರ ಐಎಸ್‌ಒ 19650 ಮಾನದಂಡ ಕಡತಕ್ಕೆ ನಾಲ್ಕು ಸ್ಥಿತಿಗಳನ್ನು ಗೊತ್ತುಮಾಡಿದೆ: ತಯಾರಿಯಲ್ಲಿರುವುದು, ಹಂಚಿಕೊಂಡದ್ದು, ಪ್ರಕಟಿತ, ಸಂಗ್ರಹಿತ. ತಿದ್ದುಪಡಿಯಾದರೆ ಹೊಸ ಪರಿಷ್ಕರಣೆ ಸಂಖ್ಯೆ ಬೀಳುತ್ತದೆ; ಹಳೆಯದು ಸಂಗ್ರಹದಲ್ಲಿ ಉಳಿಯುತ್ತದೆ. ಯಾರು, ಯಾವಾಗ ಬದಲಿಸಿದರೆಂಬುದೂ ಅಲ್ಲೇ ಸಿಗುತ್ತದೆ.

ಬಳಕೆ: ಕಡತ ಮಂಡಿಸು, ಕಡತ ವಿಲೇವಾರಿ, ಇ-ಕಡತ. ‘ಕಾಂಕ್ರೀಟ್ ಸುರಿಯುವ ಮೊದಲು ಪ್ರಕಟಿತ ಕಡತದ ಪರಿಷ್ಕರಣೆ ಸಂಖ್ಯೆ ನೋಡಿಕೊಳ್ಳಿ.’